ಶಿಳ್ಳೆಗೆ ಹೆದರುತ್ತಿದ್ದ ಭಾವ

ಪರ್ತ್: ಪಿಯಾರಾ ವಾಟರ್ಸ್

ಬೆಲೆ ಹೊಂದದಿದ್ದರೆ ಅಂಗಡಿಯ ಮೆಟ್ಟಿಲು ಇಳಿಯಬೇಕು. ತಿರುಗಿ ನೋಡಬಾರದು, ಬೇಗ ನಡೆಯಲೂಬಾರದು. ಚಪ್ಪಲಿ ಮೆಟ್ಟಿಕೊಳ್ಳುವಷ್ಟರಲ್ಲಿ ಹಿಂದಿನಿಂದ ‘ಬನ್ನಿ ಸಾರ್, ಕೋಪ ಯಾಕೆ’ ಎಂಬ ಕೂಗು ಬಂದೇ ಬರುತ್ತದೆ. ಗೋಣಿಚೀಲ ಹೊತ್ತು ‘ಹಳೇ ಪೇಪರ್, ಹಿತ್ತಾಳೆ’ ಎಂದು ಬೀದಿ ಬೀದಿ ತಿರುಗುತ್ತಿದ್ದ ನಾನು ಇವತ್ತು ಮೈಸೂರು ರಸ್ತೆಯಲ್ಲಿ ಹಳೆಯ ಬಾಗಿಲು, ಕಂಬ, ಮಂಚಗಳ ದೊಡ್ಡ ಅಂಗಡಿ ಇಟ್ಟಿದ್ದೇನೆ ಎಂದರೆ ಅದು ಈ ಮೆಟ್ಟಿಲು ಇಳಿಯುವ ವಿದ್ಯೆಯಿಂದ. ವಿದೇಶಕ್ಕೆ ಹೊರಟವರಿಗೆ ಸ್ವೆಟರ್ ಒಯ್ಯಿರಿ, ಮಾತ್ರೆ ಒಯ್ಯಿರಿ ಎಂದು ಎಲ್ಲರೂ ಹೇಳುತ್ತಾರೆ. ಈ ವಿದ್ಯೆಯನ್ನು ಮನೆಯಲ್ಲೇ ಬಿಟ್ಟು ಹೋಗು ಎಂದು ನನಗೆ ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳು ಸ್ಟೆಲ್ಲಾ ಇರುವುದು ಪರ್ತಿನ ಪಿಯಾರಾ ವಾಟರ್ಸ್‌ನಲ್ಲಿ. ಹೆಸರಲ್ಲಿ ನೀರಿದೆ, ಕಾಲಡಿಯಲ್ಲಿ ಮರಳು. ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಹೊಡೆದ ಇಟ್ಟಿಗೆಯ ಹಾಗೆ. ಹೋದ ಮರುದಿನವೇ ವಾಕಿಂಗ್ ಮುಗಿಸಿ ಬಂದವನು ಬೇರೆಯವರ ಮನೆಯ ಬಾಗಿಲು ಬಡಿದೆ. ತೆರೆದ ಪಂಜಾಬಿ ಮುದುಕ ನನ್ನನ್ನು ನೋಡಿ, ಏನೂ ಕೇಳದೆ, ‘ಪಕ್ಕದ್ದು’ ಎಂದು ಕೈ ತೋರಿಸಿದ. ಅವನಿಗೂ ಹಾಗೆ ಆಗಿರಬೇಕು.

ಶನಿವಾರ ಬೆಳಿಗ್ಗೆ ಅಲ್ಲಿನವರು ತಮಗೆ ಬೇಡದ ಸಾಮಾನನ್ನು ಮನೆಯ ಮುಂದೆಯೇ ಹರಡಿಕೊಂಡು ಮಾರುತ್ತಾರೆ. ನನಗೆ ತವರಿಗೆ ಬಂದ ಹಾಗಾಯಿತು. ಒಂದು ಮರದ ಪೆಟ್ಟಿಗೆ ಕಣ್ಣಿಗೆ ಬಿತ್ತು. ಜಾರಾ ಎಂದು ಆ ಸೀಮೆಯ ಮರ, ನಮ್ಮ ಬೀಟೆಯ ತಮ್ಮನ ಹಾಗೆ ಕೆಂಪು. ಹೇಳಿದ ಬೆಲೆಯ ಅರ್ಧಕ್ಕೆ ಕೇಳಿದೆ. ಆತ ನಗುತ್ತಾ ಆಗಲ್ಲ ಎಂದ. ನಾನು ಶಾಸ್ತ್ರೋಕ್ತವಾಗಿ ತಿರುಗಿ ನಡೆದೆ. ಬೀದಿಯ ತುದಿ ಬಂತು. ಕೂಗು ಬರಲಿಲ್ಲ. ನಿಯಮ ಮುರಿದು ಹಿಂದೆ ನೋಡಿದರೆ ಆತ ‘ನೋ ವರೀಸ್, ಮೇಟ್’ ಎಂದು ಪ್ರೀತಿಯಿಂದ ಕೈ ಬೀಸುತ್ತಿದ್ದಾನೆ.

ಸ್ಟೆಲ್ಲಾ ನಕ್ಕೂ ನಕ್ಕೂ ಕಾರಿಗೆ ಒರಗಿಕೊಂಡಳು. “ಪಪ್ಪಾ, ಇಲ್ಲಿ ಬೇಡ ಅಂದ್ರೆ ಬೇಡ ಅಂತಾನೇ ಅರ್ಥ. ನೀವು ಬೇಡ ಅಂತ ಹೊರಟ್ರಿ, ಅವನು ಸರಿ ಅಂತ ಬಿಟ್ಟ.”

“ಒಂದು ಸಲ ಕರೀಬಾರ್ದಾ?”

“ಯಾಕ್ ಕರೀಬೇಕು? ನೀವು ದೊಡ್ಡೋರು, ಯೋಚ್ನೆ ಮಾಡೇ ಹೇಳಿರ್ತೀರ ಅನ್ಕೋತಾನೆ.”

ಪೆಟ್ಟಿಗೆ ಹೋಯಿತು ಎಂದುಕೊಂಡೆ, ಅಷ್ಟೆ. ಆ ಮಧ್ಯಾಹ್ನವೇ ಅಡಿಲೇಡಿನಿಂದ ಅಕ್ಕನ ಫೋನು ಬಂತು.

ನಮ್ಮದು ಮನೆಯೊಳಗೂ ಕನ್ನಡವೇ ಆಡುವ ಕ್ರೈಸ್ತರ ಕುಟುಂಬ. ನಾನು ಇನ್ನಾಸಪ್ಪ, ಅಕ್ಕ ಮದಲೇನಮ್ಮ. ನರ್ಸಾಗಿ ಮೊದಲು ಕುವೈತಿಗೆ, ಅಲ್ಲಿಂದ ಅಡಿಲೇಡಿಗೆ ಹೋದವಳು ಅಲ್ಲಿ ಪರಿಚಯವಾದ ಒಬ್ಬ ಇಟಲಿಯವರನ್ನು ಮದುವೆಯಾದಳು. ಒಂದು ಕಾಲಕ್ಕೆ ಒಪೆರಾದಲ್ಲಿ ಹಾಡುತ್ತಿದ್ದವರು.

“ಇನ್ನಾಸಿ, ನಿಮ್ ಭಾವನಿಗೆ ಉಸಿರು ಸಾಲ್ತಿಲ್ಲ ಕಣೋ. ಶ್ವಾಸಕೋಶ ಪೂರ್ತಿ ಹೋಗಿದೆಯಂತೆ. ಡಾಕ್ಟ್ರು ಇನ್ನು ಜಾಸ್ತಿ ದಿನ ಇಲ್ಲ ಅಂದ್ರು.”

“ನಾಳೇನೇ ಬರ್ತೀನಿ ಅಕ್ಕ.”

“ಇಲ್ಲಿಗೆ ಬರಬೇಡ. ಮೊದಲು ಬ್ರಿಸ್ಬೇನಿಗೆ ಹೋಗು. ರೋಸಾನ ಕರ್ಕೊಂಡು ಬಾ.”

“ನೀನು ಕರೆದ್ರೆ ಬರಲ್ವಾ?”

“ಕರೆದೂ ಕರೆದೂ ನನ್ನ ಬಾಯಿ ಒಣಗಿದೆ. ನೀನು ಎಂಥೆಂಥ ಗಿರಾಕಿಗಳನ್ನ ಒಪ್ಪಿಸಿದೋನು. ಸೋದರ ಸೊಸೇನ ಒಪ್ಪಿಸಕ್ಕಾಗಲ್ವೇನೋ?”

ರೋಸಾ ಅವರ ಒಬ್ಬಳೇ ಮಗಳು. ಅಪ್ಪನೊಂದಿಗೆ ಮಾತು ಬಿಟ್ಟು ಹದಿನೈದು ವರ್ಷದ ಮೇಲಾಗಿತ್ತು. ನಾನು ಆಗುತ್ತದೆ ಎಂದೆ. ಆಗುವುದಿಲ್ಲ ಎನ್ನುವುದು ನನ್ನ ಅಂಗಡಿಯಲ್ಲಿ ಇಲ್ಲದ ಮಾತು.

ಬ್ರಿಸ್ಬೇನಿನ ದಾರಿ

ಪರ್ತಿನಿಂದ ಬ್ರಿಸ್ಬೇನ್ ಎಂದರೆ ಆ ದೇಶದ ಈ ಸೆರಗಿನಿಂದ ಆ ಸೆರಗು. ಸಾಯುತ್ತಿರುವ ಭಾವನ ಊರನ್ನು ಬಲಗಡೆ ಎಲ್ಲೋ ಬಿಟ್ಟು ವಿಮಾನ ಮುಂದೆ ಹೋಯಿತು. ಕೆಳಗೆ ಗಂಟೆಗಟ್ಟಲೆ ಕೆಂಪು ನೆಲ. ಕೆರೆಯಿಲ್ಲ, ಊರಿಲ್ಲ, ಒಂದು ಗೋಪುರವಿಲ್ಲ. ಹೀಗೆ ಖಾಲಿ ಬಿದ್ದ ಜಾಗ ನೋಡಿದರೆ ನನ್ನಂಥವನಿಗೆ ಸೈಟು ಹೊಡೆಯುವ ಯೋಚನೆ ಬರಬೇಕು. ಅವತ್ತು ಬರಲಿಲ್ಲ. ಭಾವನ ಬದುಕೇ ತಲೆಯಲ್ಲಿ ತಿರುಗುತ್ತಿತ್ತು.

ಅವರ ಹೆಸರು ಎತ್ತೋರೆ. ಉತ್ತರ ಇಟಲಿಯ ಒಂದು ಸಣ್ಣ ಊರಿನವರು. ಅವರ ಅಪ್ಪ ದ್ರಾಕ್ಷಾರಸ ತುಂಬುವ ಮರದ ಪೀಪಾಯಿ ಮಾಡುತ್ತಿದ್ದರು. ಪೀಪಾಯಿಯನ್ನು ಗೆಣ್ಣಿನಿಂದ ತಟ್ಟಿ ಕಿವಿಯಿಟ್ಟು ಇದು ಸೋರುತ್ತದೆ, ಇದು ಸೋರುವುದಿಲ್ಲ ಎನ್ನುತ್ತಿದ್ದರಂತೆ. ನಾನು ಹಿತ್ತಾಳೆ ಚೆಂಬನ್ನು ತಟ್ಟಿ ಒಡಕು ಹೇಳುವುದೂ ಹಾಗೆಯೇ. ನಮ್ಮಿಬ್ಬರಿಗೆ ಮೊದಲು ಸ್ನೇಹ ಕೂಡಿದ್ದು ಇದರಲ್ಲಿ. ಎದುರಿಗೆ ಏನು ಸಿಕ್ಕಿದರೂ ತಟ್ಟಿ, ಮುಖ ನೋಡಿಕೊಂಡು ನಗುತ್ತಿದ್ದೆವು.

ಚರ್ಚಿನಲ್ಲಿ ಹಾಡುತ್ತಿದ್ದ ಹುಡುಗನನ್ನು ಒಬ್ಬ ಮೇಷ್ಟ್ರು ಪಟ್ಟಣಕ್ಕೆ ಕರೆದೊಯ್ದರು. ಒಪೆರಾ ಎಂದರೆ ನಮ್ಮ ಕಂಪನಿ ನಾಟಕದ ದೊಡ್ಡಣ್ಣ ಎಂದುಕೊಳ್ಳಿ. ಮಾತೆಲ್ಲ ಹಾಡೇ. ಮೈಕು ಇಲ್ಲ. ವಾದ್ಯಗಳ ಗದ್ದಲವನ್ನು ದಾಟಿ ಒಬ್ಬನ ಗಂಟಲು ಕೊನೆಯ ಸಾಲಿಗೆ ಮುಟ್ಟಬೇಕು. ಗಂಡು ದನಿಗಳಲ್ಲಿ ಮೇಲಿನದು ಟೆನರ್. ಪ್ರೀತಿ ಮಾಡುವವನು ಅವನೇ, ಕೊನೆಗೆ ಸಾಯುವವನೂ ಬಹಳ ಸಲ ಅವನೇ. ಭಾವ ಕೆಲವು ವರ್ಷ ಈಟಿ ಹಿಡಿದು ನಿಲ್ಲುವ ಭಟ, ಬಾಗಿಲು ತೆರೆಯುವ ಸೇವಕ, ಹೀಗೆ ನಿಂತೂ ನಿಂತೂ ಸವೆದರು. ಒಂದು ದೊಡ್ಡ ಊರಿನಲ್ಲಿ ನಾಯಕನ ಪಾತ್ರದವನು ಕಾಯಿಲೆ ಬಿದ್ದಾಗ ಆ ಅಂಗಿ ಇವರ ಮೈಗೆ ಬಂತು.

ಆ ಊರಿನಲ್ಲಿ ಚಪ್ಪಾಳೆಗೂ ಒಬ್ಬ ಮೇಸ್ತ್ರಿಯಿದ್ದ. ಅವನ ಕಡೆಯವರು ಮೇಲಿನ ಅಗ್ಗದ ಸೀಟುಗಳಲ್ಲಿ ಕೂತು ಎಲ್ಲಿ ಚಪ್ಪಾಳೆ ಎನ್ನುವುದನ್ನು ತೀರ್ಮಾನಿಸುತ್ತಿದ್ದರು. ಹೊಸ ಹಾಡುಗಾರ ಅವನ ಮನೆಗೆ ಒಂದು ಬಾಟಲಿ ದ್ರಾಕ್ಷಾರಸ ಒಯ್ದು ‘ನಿಮ್ಮ ಆಶೀರ್ವಾದ’ ಎಂದು ಕೂತು ಬರುವುದು ಪದ್ಧತಿ. ಭಾವ ಹೋಗಲಿಲ್ಲ. ಮೂರನೆಯ ದಿನ, ಎತ್ತರದ ಸ್ವರದಲ್ಲಿ, ಕೂದಲೆಳೆಯಷ್ಟು ಗಂಟಲು ಒಡೆಯಿತು. ಮೇಲಿನಿಂದ ಒಂದು ಶಿಳ್ಳೆ ಬಂತು. ಆಮೇಲೆ ಇಡೀ ಮೇಲಂತಸ್ತು ಶಿಳ್ಳೆ ಹಾಕಿತು. ನಮ್ಮಲ್ಲಿ ಶಿಳ್ಳೆ ಬಿದ್ದರೆ ಕಲಾವಿದ ಕೈಮುಗಿಯುತ್ತಾನೆ. ಅವರಲ್ಲಿ ಶಿಳ್ಳೆ ಎಂದರೆ ಚಪ್ಪಲಿಯಲ್ಲಿ ಹೊಡೆದ ಹಾಗೆ. ಅದಾದ ಮೇಲೆ ಯಾವ ಊರಿಗೆ ಹೋದರೂ ಭಾವನಿಗಿಂತ ಮೊದಲು ಆ ಶಿಳ್ಳೆಯ ಸುದ್ದಿ ಹೋಗಿರುತ್ತಿತ್ತು. ಕರೆಯುವವರು ನಿಂತರು. ಅವರು ಹಡಗು ಹತ್ತಿದರು.

ಇಳಿದದ್ದು ಪರ್ತಿನ ಬಂದರಿನಲ್ಲಿ. ಮೀನಿನ ಪೆಟ್ಟಿಗೆ ಹೊತ್ತು, ಆಮೇಲೆ ಅಡಿಲೇಡಿಗೆ ಹೋಗಿ ಮನೆಗಳಿಗೆ ಮೊಸಾಯಿಕ್ ನೆಲ ಹಾಕಿದರು. ಶನಿವಾರ ಸಂಜೆ ಇಟಲಿಯವರ ಕ್ಲಬ್ಬಿನಲ್ಲಿ ಹಾಡು. ಕೇಳುವವರು ಊಟ ಮಾಡುತ್ತಾ ಕೇಳುವರು, ಚಮಚದ ಸದ್ದಿನ ನಡುವೆ. ನೆಲ ಉಜ್ಜಿ ಉಜ್ಜಿ ಮೊಣಕಾಲು ಕೆಟ್ಟು ಆಸ್ಪತ್ರೆಗೆ ಸೇರಿದಾಗ ನರ್ಸ್ ನಮ್ಮಕ್ಕ. ಕಲ್ಲಿನ ಆ ಧೂಳೇ ಕೊನೆಗೆ ಅವರ ಎದೆಯೊಳಗೂ ಕೂತಿತು.

ಒಮ್ಮೆ ನಾನು ಕೇಳಿದ್ದೆ, “ಭಾವ, ಒಂದು ಬಾಟಲಿ ಒಯ್ದಿದ್ರೆ ಆಗ್ತಿತ್ತಲ್ವಾ?”

“ನೀನು ಬುದ್ಧಿವಂತ. ಅದಕ್ಕೇ ನಿನಗೆ ಹಾಡು ಬರಲ್ಲ,” ಎಂದಿದ್ದರು. ಕನ್ನಡದಲ್ಲೇ. ನಮ್ಮ ಭಾಷೆ ಅವರಿಗೆ ಸಲೀಸಾಗಿ ಬಂದಿತ್ತು. ಇಟಾಲಿಯನ್ನಿನ ಹಾಗೆ ಕನ್ನಡದ ಪದವೂ ಬಾಯಿ ತೆರೆದುಕೊಂಡೇ ಮುಗಿಯುತ್ತದೆ, ಇಂಗ್ಲಿಷು ಬಾಯಿ ಮುಚ್ಚಿಸಿಬಿಡುತ್ತದೆ ಎನ್ನುತ್ತಿದ್ದರು.

ಅವರ ಮದುವೆ ನಡೆದದ್ದು ಬೆಂಗಳೂರಿನಲ್ಲಿ. ಆರತಕ್ಷತೆಯಲ್ಲಿ ಹಾಡಲು ಎದ್ದರು. ಆ ದನಿಗೆ ಕಿಟಕಿಯ ಗಾಜು ಅದುರಿತು. ಮೆಚ್ಚಿ ಹುಚ್ಚಾದ ನಾನು, ನನ್ನ ಗುಜರಿ ಗೆಳೆಯರು, ಎರಡು ಬೆರಳು ಬಾಯಿಗಿಟ್ಟು ಸೂರು ಹಾರುವಂತೆ ಶಿಳ್ಳೆ ಹೊಡೆದೆವು. ಭಾವ ಅರ್ಧಕ್ಕೆ ನಿಲ್ಲಿಸಿದರು. ಮುಖ ಸುಣ್ಣ. ವೇದಿಕೆಯಿಂದ ಇಳಿದು ಹಿಂದಿನ ಬಾಗಿಲಿಂದ ನಡೆದೇಬಿಟ್ಟರು. ಅಕ್ಕ ರೇಷ್ಮೆ ಸೀರೆಯಲ್ಲಿ ಹಿಂದೆ ಓಡಿದಳು. ಆಮೇಲೆ ತಿಳಿಸಿ ಹೇಳಿ ನಗಿಸಿದೆವು. ಅಂದಿನಿಂದ ನನ್ನನ್ನು ‘ಶಿಳ್ಳೆ’ ಎಂದೇ ಕರೆದರು. ಆದರೆ ನಮ್ಮ ಮುಂದೆ ಮತ್ತೆ ಹಾಡಲಿಲ್ಲ. ಅವರ ಮನೆಯಲ್ಲಿ ಕುಕ್ಕರ್ ಕೂಡ ಇಲ್ಲ. ಅದು ಕೂಗಿದರೆ ಭಾವ ಬೆಚ್ಚುತ್ತಿದ್ದರು. ಇಷ್ಟು ವರ್ಷ ಅಕ್ಕ ಬೇಳೆ ಬೇಯಿಸಿದ್ದು ಪಾತ್ರೆಯಲ್ಲೇ.

ಚಿಕ್ಕಂದಿನಲ್ಲಿ ಬೆಂಗಳೂರಿಗೆ ರಜೆಗೆ ಬಂದ ರೋಸಾಗೆ ಮಹಡಿಯ ಮೇಲೆ ಎರಡು ಬೆರಳಿನ ಶಿಳ್ಳೆ ಕಲಿಸಿದ್ದು ನಾನು. “ಡ್ಯಾಡಿ ಹತ್ರ ಮಾತ್ರ ಹೊಡೀಬೇಡ” ಎಂದು ಅಕ್ಕ ಅವಳಿಂದ ಮಾತು ತೆಗೆದುಕೊಂಡಿದ್ದಳು. ಅಪ್ಪನೇ ಅವಳಿಗೆ ಹಾಡು ಹೇಳಿಕೊಟ್ಟರು. ಮೊದಲ ದೊಡ್ಡ ಸಭೆಯಲ್ಲಿ ಅವಳು ಹಾಡಿ ಮುಗಿಸಿದಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಮುಂದಿನ ಸಾಲಿನಲ್ಲಿ ಒಬ್ಬರ ಕೈ ಮಾತ್ರ ತೊಡೆಯ ಮೇಲೇ ಇತ್ತು. ಮನೆಗೆ ಹೋಗುವಾಗ ಕಾರಿನಲ್ಲಿ ಅಪ್ಪ, “ಅವರು ಹಾಡಿಗೆ ತಟ್ಟಲಿಲ್ಲ, ಚಿಕ್ಕ ಹುಡುಗಿ ಪಾಪ ಅಂತ ತಟ್ಟಿದ್ರು. ಅದು ಶಿಳ್ಳೆಗಿಂತ ಕಡೆ,” ಎಂದರಂತೆ. ಅವಳು ಮತ್ತೆ ಬಾಯಿ ತೆರೆಯಲಿಲ್ಲ, ಹಾಡಿಗೂ, ಅಪ್ಪನೊಂದಿಗೂ.

ಬ್ರಿಸ್ಬೇನ್: ಟೂವಾಂಗ್

ಬ್ರಿಸ್ಬೇನಿನ ಸೆಕೆ ನಮ್ಮ ಮಂಗಳೂರಿನದು. ಟೂವಾಂಗಿನ ಬೀದಿಗಳು ಏರುತ್ತವೆ, ಇಳಿಯುತ್ತವೆ, ಸಮತಟ್ಟು ಎಂಬುದಿಲ್ಲ. ಬೆಕ್ಕಿನ ಗಾತ್ರದ ಓತಿಕ್ಯಾತಗಳು ಫುಟ್‌ಪಾತಿನಲ್ಲಿ ಬಿಸಿಲು ಕಾಯಿಸುತ್ತಾ ಕೂತಿರುತ್ತವೆ. ನಾವೇ ಬಳಸಿಕೊಂಡು ಹೋಗಬೇಕು.

ರೋಸಾ ಅಲ್ಲಿ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಎರಡನೆಯ ಮಹಡಿಯ ಸಣ್ಣ ಮನೆ. ಗೋಡೆಯಲ್ಲಿ ಒಂದು ಫೋಟೋ ಇಲ್ಲ, ಮನೆಯಲ್ಲಿ ರೇಡಿಯೋ ಇಲ್ಲ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನದು, ನಡುವೆ ಉಪ್ಪಿನಕಾಯಿಯ ಹಾಗೆ ಕನ್ನಡ. ನನ್ನ ಅನುಕೂಲಕ್ಕೆ ಇಲ್ಲಿ ಹೆಚ್ಚನ್ನು ಕನ್ನಡ ಮಾಡಿದ್ದೇನೆ.

ನಾನು ತಂದ ಕೋಡುಬಳೆ ತಿಂದಳು. ಟೀ ಮಾಡಿಕೊಟ್ಟಳು. ಆಮೇಲೆ ಎದುರಿಗೆ ಕೂತು, “ಮಾಮ, ಮಮ್ಮಿ ಕಳಿಸಿದ್ರಾ?” ಎಂದಳು.

“ಹೌದಮ್ಮ. ನಿಮ್ಮಪ್ಪ ಉಳಿಯಲ್ಲ.”

“ಐ ನೋ. ಅವರು ನನ್ನ ಕೇಳಿದ್ರಾ?”

“ಕೇಳದೆ ಇರ್ತಾರಾ?”

“ಕೇಳಿದ್ರಾ, ಇಲ್ವಾ?”

ನಾನು ದಾರಿ ಬದಲಿಸಿದೆ. ಒಂದು ವಾರ ಬಾ ಎಂದೆ. ರಜೆಯಿಲ್ಲ ಎಂದಳು. ಎರಡು ದಿನ ಎಂದೆ. ತಲೆಯಾಡಿಸಿದಳು.

“ಹೋಗ್ಲಿ, ಮಾತಾಡೋದೇ ಬೇಡ. ಬಾಗಿಲಲ್ಲಿ ಸುಮ್ನೆ ನಿಂತ್ಕೋ. ಮುಖ ಒಂದು ಕಾಣ್ಲಿ.”

ಅವಳು ನಕ್ಕಳು. “ವಾರದಿಂದ ಬಾಗಿಲಿಗೆ ಇಳಿದ್ರಿ. ಇನ್ನೂ ಸ್ವಲ್ಪ ಕೂತ್ರೆ ಫೋನಲ್ಲಿ ಕೆಮ್ಮಿದ್ರೂ ಸಾಕು ಅಂತೀರ. ಮಾಮ, ನಾನೇನು ಹಳೇ ಮಂಚಾನಾ?”

ಆಮೇಲೆ ಟೀ ಬಟ್ಟಲ ಅಂಚಿನಲ್ಲಿ ಬೆರಳು ಸುತ್ತುತ್ತಾ ಕೇಳಿದಳು, “ಈಗ್ಲೂ ಹಾಡ್ತಾರಾ?”

ಇಷ್ಟು ವರ್ಷದ ವ್ಯಾಪಾರದಲ್ಲಿ ನಾನು ಕಲಿತದ್ದೊಂದಿದೆ. ಬೇಡ ಬೇಡ ಎನ್ನುವ ಗಿರಾಕಿ ಬಗ್ಗಿ ಮಂಚದ ಕಾಲು ಮುಟ್ಟಿ ನೋಡಿದ ಎಂದರೆ ಮಂಚ ಅವನದಾಯಿತು. ಇನ್ನು ಒತ್ತಾಯ ಮಾಡಿದರೆ ಕೆಡುತ್ತದೆ. ಬಿಟ್ಟು ನಡೆಯಬೇಕು, ಆಗ ತಾನೇ ಕರೆಯುತ್ತಾನೆ. ನಾನು ಎದ್ದು ಚೀಲ ಹೆಗಲಿಗೆ ಹಾಕಿದೆ.

“ಬೇಡ ಬಿಡಮ್ಮ. ಮನಸ್ಸಿಲ್ಲದ ಮೇಲೆ ಬಲವಂತ ಯಾಕೆ. ನಾನೊಬ್ಬನೇ ಹೋಗ್ತೀನಿ. ಬರಲ್ವಂತೆ ಅಂತ ಹೇಳ್ತೀನಿ.”

ಅವಳು ನನ್ನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದ ಹಾಗಿತ್ತು. ಆಮೇಲೆ, “ಓಕೆ ಮಾಮ. ಸೇಫ್ ಫ್ಲೈಟ್,” ಎಂದಳು.

ಹೊರಗೆ ಶೂ ಹಾಕಿಕೊಂಡೆ. ಒಂದರ ದಾರ ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದೆ. ಮೆಟ್ಟಿಲುಗಳನ್ನು ಹೆಣ ಹೊತ್ತವರ ಹಾಗೆ ಇಳಿದೆ. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು. ಎದುರಿನ ಬಸ್ ಸ್ಟಾಪಿನಲ್ಲಿ ಕೂತು ಒಂದು ಬಸ್ಸು ಬಿಟ್ಟೆ, ಇನ್ನೊಂದು ಬಿಟ್ಟೆ. ಕೈಯಲ್ಲಿ ಫೋನು. ಓತಿಕ್ಯಾತವೊಂದು ಬಂದು ನನ್ನ ಶೂ ಪಕ್ಕ ಕೂತಿತು. ಮರುದಿನ ಬೆಳಿಗ್ಗೆ ವಿಮಾನ ಹತ್ತುವವರೆಗೂ ನಾನು ಫೋನನ್ನು ನೋಡುತ್ತಲೇ ಇದ್ದೆ. ಮಾಡಲಿಲ್ಲ. ಇಳಿದವನೇ ಕರೆದರೆ ವ್ಯಾಪಾರ ಕೆಟ್ಟ ಹಾಗೆ.

ಅಡಿಲೇಡ್: ಪ್ರಾಸ್ಪೆಕ್ಟ್

ಅಡಿಲೇಡಿಗೆ ಬಂದರೆ ಗಡಿಯಾರವನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಬೇಕು. ಒಂದೇ ದೇಶ, ಊರಿಗೊಂದು ಹೊತ್ತು. ಪ್ರಾಸ್ಪೆಕ್ಟಿನಲ್ಲಿ ಅಕ್ಕನ ಮನೆ ಹಳೆಯ ಕಲ್ಲಿನದು. ಹಜಾರದ ಮೊಸಾಯಿಕ್ ನೆಲ ಭಾವನೇ ಹಾಕಿದ್ದು. ನಡುವೆ ಕೆಂಪು ಚಿಪ್ಪುಗಳ ಒಂದು ಗುಲಾಬಿ, ಮಗಳು ಹುಟ್ಟಿದ ವರ್ಷದ್ದು.

ಅಕ್ಕ ಬಾಗಿಲು ತೆಗೆದವಳು ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನೋಡಿದಳು. ಅಡುಗೆಮನೆಗೆ ಹೋದಳು. ಬೇಳೆ ಪಾತ್ರೆಯಲ್ಲಿ ಬೇಯುತ್ತಿತ್ತು. ಭಾವ ಆಸ್ಪತ್ರೆಯಲ್ಲಿದ್ದರು, ಹೆದರಿಸಲು ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಪಾತ್ರೆಯಲ್ಲೇ.

ಆಸ್ಪತ್ರೆಯಲ್ಲಿ ಭಾವ ಗುರುತೇ ಸಿಗಲಿಲ್ಲ. ಬೀರುವಿನಂಥ ಆಳು ಒಣಗಿ ಹಲಗೆಯಾಗಿದ್ದರು. ಮೂಗಿನಲ್ಲಿ ನಳಿಕೆ. ಆ ದನಿ ತೂತು ಬಿದ್ದ ತಿದಿಯಾಗಿತ್ತು.

“ಶಿಳ್ಳೆ,” ಎಂದರು. “ಒಬ್ಬನೇ?”

“ಬರ್ತಾಳೆ ಭಾವ. ರಜಾ ಸಿಕ್ಕ ತಕ್ಷಣ ಹೊರಡ್ತೀನಿ ಅಂದ್ಲು.”

ಅವರು ಕೈ ಸರಿಸಿ ಮಂಚದ ಕಂಬಿಯನ್ನು ಗೆಣ್ಣಿನಿಂದ ಒಮ್ಮೆ ತಟ್ಟಿದರು. ಕಿವಿ ವಾಲಿಸಿದರು. ನನ್ನ ಮುಖ ನೋಡಿ ನಿಧಾನಕ್ಕೆ ತಲೆಯಾಡಿಸಿದರು. ಒಡಕಿದೆ ಎಂದು. ಮಾರುಕಟ್ಟೆಯೇ ನಂಬಿದ ನನ್ನ ದನಿಯನ್ನು ಅವರು ಆ ಸ್ಥಿತಿಯಲ್ಲೂ ನಂಬಲಿಲ್ಲ.

ಆಮೇಲೆ ಮಾತಾಡಿದರು. ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಳ್ಳುತ್ತಾ.

“ಅವತ್ತು ಅವಳು ಚೆನ್ನಾಗಿ ಹಾಡಿದ್ಲು.”

“ಮತ್ತೆ ಯಾಕೆ ಭಾವ ಚಪ್ಪಾಳೆ ತಟ್ಟಲಿಲ್ಲ?”

“ಕಾಯ್ತಿದ್ದೆ.”

“ಏನಕ್ಕೆ?”

“ಶಿಳ್ಳೆಗೆ. ಈಗ ಬರುತ್ತೆ, ಈಗ ಬರುತ್ತೆ ಅಂತ. ಬಂದ್ರೆ ಎದ್ದು ಅವಳ ಮುಂದೆ ನಿಲ್ಲಬೇಕು ಅಂತ. ಬರಲೇ ಇಲ್ಲ. ಅಷ್ಟರಲ್ಲಿ ಚಪ್ಪಾಳೆ ಮುಗಿದುಹೋಯ್ತು.”

“ಕಾರಲ್ಲಿ ಹಾಗ್ಯಾಕೆ ಅಂದ್ರಿ?”

ಅದಕ್ಕೆ ಅವರ ಬಳಿ ಉಸಿರಿರಲಿಲ್ಲ. ಕಣ್ಣು ಮುಚ್ಚಿಕೊಂಡರು.

ನಾನು ಕಾರಿಡಾರಿಗೆ ಬಂದು ರೋಸಾಗೆ ಫೋನು ಮಾಡಿದೆ. ಗಂಟೆ ಹೊಡೆದು ನಿಂತಿತು, ‘ಸಂದೇಶ ಬಿಡಿ’ ಎಂದು ಮಿಷನ್ನು ಮಾತಾಡಿತು. ಇಂಥ ಮಾತನ್ನು ಮಿಷನ್ನಿಗೆ ಹೇಳುವುದು ಹೇಗೆ ಎಂದು ಇಟ್ಟೆ. ಬೆಳಿಗ್ಗೆ ಮಾಡಿದರಾಯಿತು ಎಂದುಕೊಂಡೆ. ಬೆಳಿಗ್ಗೆ ನಾವು ಆಸ್ಪತ್ರೆಗೆ ಹೋಗುವಷ್ಟರಲ್ಲಿ ನರ್ಸು ಕಿಟಕಿ ತೆರೆದಿದ್ದಳು. ನಳಿಕೆ ತೆಗೆದಿದ್ದರು. ಅಕ್ಕ ತಾನೂ ನರ್ಸಾಗಿದ್ದವಳು. ಅಳುವುದಕ್ಕೆ ಮೊದಲು ಹೊದಿಕೆ ಸರಿಮಾಡಿದಳು.

ರೋಸಾ ಮಣ್ಣಿಗೆ ಬಂದಳು. ಚರ್ಚಿನ ಮೆಟ್ಟಿಲ ಮೇಲೆ ಅವಳನ್ನು ಪಕ್ಕಕ್ಕೆ ಕರೆದು ಅಪ್ಪ ಹೇಳಿದ ಅಷ್ಟೂ ಮಾತನ್ನು ಹೇಳಿದೆ, ಒಂದು ಕೂಡಿಸಲಿಲ್ಲ, ಕಳೆಯಲಿಲ್ಲ. ಅವಳು ಕರಿ ಕನ್ನಡಕ ತೆಗೆಯದೆ ಕೇಳಿಸಿಕೊಂಡಳು.

“ಮಾಮ, ಅವತ್ತು ನೀವು ಕೆಳಗೆ ಹೋದ್ಮೇಲೆ ನಾನು ಬಾಗಿಲ ಹಿಂದೇನೇ ನಿಂತಿದ್ದೆ.”

“ಮತ್ತೆ ಕರೀಲಿಲ್ಲ ಯಾಕಮ್ಮ?”

“ನೀವೇ ಬೇಡ ಬಿಡು ಅಂದ್ರಲ್ಲ. ಇನ್ನೊಂದ್ ಸಲ ಕೇಳಿದ್ರೆ ಬರ್ತಿದ್ದೆ. ಬಸ್ ಸ್ಟಾಪಲ್ಲಿ ಕೂತಿದ್ದು ನೋಡಿದೆ. ಬಸ್‌ಗೆ ಕಾಯ್ತಿದೀರ ಅನ್ಕೊಂಡೆ.”

ಆ ಸೀಮೆಗೆ ಹೋಗುವವರಿಗೆ ನನ್ನದು ಒಂದೇ ಸಲಹೆ. ಸಾಮಾನಿರಲಿ, ಮನುಷ್ಯರಿರಲಿ, ಬೇಕಾದದ್ದನ್ನು ಬೇಕು ಎಂದೇ ಕೇಳಿ. ಇಲ್ಲ ಎಂದರೆ ಇನ್ನೊಂದು ಸಲ ಕೇಳಿ. ಮೆಟ್ಟಿಲು ಇಳಿಯಬೇಡಿ. ಇಳಿದವರನ್ನು ಅಲ್ಲಿ ಹೋಗಲು ಬಿಡುತ್ತಾರೆ, ಅದು ಅವರ ಮರ್ಯಾದೆ.

ಚರ್ಚಿನೊಳಗೆ ಪೂಜೆ ಮುಗಿಯಿತು. ಜನ ಹೆಚ್ಚಿರಲಿಲ್ಲ. ಅಕ್ಕನ ಜೊತೆ ಕೆಲಸ ಮಾಡಿದ ಕೆಲವು ನರ್ಸುಗಳು, ಕ್ಲಬ್ಬಿನ ಇಟಲಿ ಮುದುಕರು, ನಾವು. ಭಾವನ ಪೆಟ್ಟಿಗೆಯನ್ನು ಬಾಗಿಲಿನಿಂದ ಹೊರಗೆ ತಂದರು. ಒಬ್ಬ ಮುದುಕ ಊರುಗೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ತಟ್ಟಿದ. ಇನ್ನೊಬ್ಬ ತಟ್ಟಿದ. ಸಾವಿನ ಹೊತ್ತಿನಲ್ಲಿ ಚಪ್ಪಾಳೆಯೇ ಎಂದು ನಾನು ಅಕ್ಕನ ಕಡೆ ತಿರುಗಿದೆ. “ಅವರ ಕಡೆ ಹಾಗೇ ಕಣೋ. ಹೀಗೇ ಕಳಿಸಿಕೊಡೋದು,” ಎಂದಳು ಅಕ್ಕ. ಚಪ್ಪಾಳೆ ತೆಳ್ಳಗಿತ್ತು. ವಯಸ್ಸಾದ ಕೈಗಳು.

ರೋಸಾ ನಮ್ಮ ಮುಂದೆ, ಬೆನ್ನು ಮಾಡಿ ನಿಂತಿದ್ದಳು. ಅವಳ ಕೈ ಪಕ್ಕದಲ್ಲಿ ಜೋತುಬಿದ್ದಿತ್ತು. ಪೆಟ್ಟಿಗೆ ವ್ಯಾನಿನೊಳಗೆ ಹೋಯಿತು. ಬಾಗಿಲು ಮುಚ್ಚಿತು. ಆಗ ಅವಳು ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಒಂದೇ ಒಂದು. ಉದ್ದಕ್ಕೆ, ಉಸಿರು ಮುಗಿಯುವವರೆಗೆ, ನಾನು ಮಹಡಿಯ ಮೇಲೆ ಕಲಿಸಿದ್ದ ಹಾಗೆಯೇ ನಾಲಿಗೆ ಮಡಚಿ.

ಮುದುಕರ ಕೈಗಳು ಗಾಳಿಯಲ್ಲೇ ನಿಂತವು. ಒಬ್ಬ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ವ್ಯಾನು ಹೊರಟಿತು. ರೋಸಾ ಹಿಂದೆ ತಿರುಗಲಿಲ್ಲ.

ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. “ಇನ್ನಾಸಿ, ಇದು ಯಾವೂರ ಶಿಳ್ಳೆನೋ? ಅವರೂರಿಂದಾ, ನಮ್ಮೂರಿಂದಾ?”

“ನಮ್ಮೂರಿಂದೇ ಅಕ್ಕ,” ಎಂದೆ. ತಡಮಾಡಲಿಲ್ಲ.

ಅಕ್ಕ ನನ್ನ ಮುಖ ನೋಡಿದಳು. ಭಾವನ ಹಾಗೆ ತಟ್ಟಿ ನೋಡಲಿಲ್ಲ.